ದಾರಿಯ ಮೇಲೆ ಎಬ್ಬಿಸಿದ ಹಿಂಡು

ಬೆಳಗಾವಿಯ ವಿಮಾನ ನಿಲ್ದಾಣಕ್ಕೆ ಹೋಗುವ ಸಾಂಬ್ರಾ ರಸ್ತೆಯಲ್ಲಿ ಒಂದು ಹೋರ್ಡಿಂಗ್ ಇದೆ. ಅದರಲ್ಲಿ ನಾನಿದ್ದೇನೆ. ಪಕ್ಕದಲ್ಲಿ ನಮ್ಮಪ್ಪ ಸಿದರಾಯ ಇದ್ದಾನೆ. ನಾನು ಪೈಲಟ್ ಯೂನಿಫಾರ್ಮಿನಲ್ಲಿ, ಅಪ್ಪ ಹರಿದ ಕಂಬಳಿಯಲ್ಲಿ. ನಮ್ಮಿಬ್ಬರ ತಲೆಯ ಮೇಲೆ ಕಂಪನಿಯ ವಿಮಾನ. ಕೆಳಗೆ ದಪ್ಪ ಅಕ್ಷರ: 'ಕುರಿ ಕಾಯುವವನ ಮಗಳು ಆಕಾಶ ಆಳುತ್ತಾಳೆ.'

ಫೋಟೊದ ದಿನ ಅಪ್ಪ ನಮ್ಮೂರು ಪಾರಿಶ್ವಾಡದಿಂದ ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೊಸ ರುಮಾಲು, ಹೊಸ ಕಂಬಳಿಯಲ್ಲಿ ಬಂದಿದ್ದ. ಫೋಟೊದವನು ಅವನ ಸುತ್ತ ಒಂದು ಸುತ್ತು ಹಾಕಿದ.

"ಇದು ಬ್ಯಾಡ್ರಿ ಅಜ್ಜಾ. ಹಳೇದು ಇಲ್ಲೇನು? ತೂತು ಬಿದ್ದಿದ್ದು?"

"ತೂತು ಬಿದ್ದಿದ್ದು ನಾಯಿಗೆ ಹಾಸೀನಿ" ಎಂದ ಅಪ್ಪ.

ಕಾರು ಕಳಿಸಿ ನಾಯಿಯ ಕಂಬಳಿಯನ್ನೇ ತರಿಸಿದರು. ಅಪ್ಪ ಹೊದ್ದ. ನನಗೆ ನಗು ಅಂದರು. ನಕ್ಕೆ. ಇವತ್ತಿಗೂ ಅದೇ ನಗು ರಸ್ತೆಯ ಮೇಲಿದೆ. ಕೆಲಸಕ್ಕೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಅದರ ಕೆಳಗೆ ಹಾಯುತ್ತೇನೆ. ನಾಯಿಯ ಕಂಬಳಿಯಲ್ಲಿ ಅಪ್ಪ ನನ್ನನ್ನೇ ನೋಡುತ್ತಿರುತ್ತಾನೆ.

ನಾನು ಮಾಯಾ. ಚಿಂಚಲಿಯ ದೇವಿ ಮಾಯವ್ವನ ಹೆಸರು. ಹಿಂದುಳಿದವರ ಮಕ್ಕಳಿಗೆಂದು ಸರಕಾರ ಕೊಟ್ಟ ವಿದ್ಯಾರ್ಥಿವೇತನದಲ್ಲಿ ವಿಮಾನ ಹಾರಿಸಲು ಕಲಿತವಳು. ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊರುವ ಸಮದ ಚಾಚಾನ ಮಗಳು ಶೈಸ್ತಾ ನನ್ನ ಜೊತೆ ಕಲಿತಳು. ಇಬ್ಬರನ್ನೂ ಕಂಪನಿ ಒಂದೇ ದಿನ ತೆಗೆದುಕೊಂಡಿತು. ನಮ್ಮಂಥವರನ್ನು ಬಿ ಸ್ಕೇಲಿಗೆ ಹಾಕಿತು. ಬೇರೆ ಕಂಪನಿಗಳಿಂದ ಬಂದವರು, ತಮ್ಮ ಅಪ್ಪಂದಿರ ದುಡ್ಡಿನಲ್ಲಿ ವಿದೇಶಕ್ಕೆ ಹೋಗಿ ಕಲಿತು ಬಂದವರು ಎ ಸ್ಕೇಲು. ವಿಮಾನ ಒಂದೇ. ಕುರ್ಚಿ ಒಂದೇ. ಪರೀಕ್ಷೆ ಒಂದೇ. ಬಿದ್ದರೆ ಸಾವೂ ಒಂದೇ. ಪಗಾರ ಮಾತ್ರ ಅರ್ಧ.

ಆ ಅರ್ಧವೂ ಗಟ್ಟಿಯಲ್ಲ. ಎ ಸ್ಕೇಲಿನವರಿಗೆ ಹಾರಲಿ ಬಿಡಲಿ, ತಿಂಗಳು ತುಂಬಿದರೆ ಪಗಾರ ಬರುತ್ತದೆ. ನಮಗೆ ಹಾರಿದ ಹೊತ್ತಿಗೆ ಮಾತ್ರ. ಮಳೆಗೆ ಕಾದಿದ್ದು, ಮಂಜಿಗೆ ಕಾದಿದ್ದು, ಮಂತ್ರಿಯ ಕಾರಿಗೆ ಕಾದಿದ್ದು ನಮ್ಮ ಮೈಯಿಂದ ಹೋಗುತ್ತದೆ, ಪಗಾರಕ್ಕೆ ಬರುವುದಿಲ್ಲ.

ಇದನ್ನು ನಾನು ಬಹಳ ದಿನ ನುಂಗಿದೆ. ಕ್ಯಾಪ್ಟನ್ ಆದರೆ ಸರಿಹೋಗುತ್ತದೆ ಅಂದುಕೊಂಡೆ. ಕ್ಯಾಪ್ಟನ್ ಆದೆ. ಬಲಗಡೆಯ ಕುರ್ಚಿಗೆ ಸುಜಯ ಬಂದ. ಬೆಳಗಾವಿಯ ಡಾಕ್ಟರರ ಮಗ. ಅಮೆರಿಕದಲ್ಲಿ ಕಲಿತವನು. ಎ ಸ್ಕೇಲು. ಹುಡುಗ ಕೆಟ್ಟವನಲ್ಲ. ಒಂದು ದಿನ ಹೈದರಾಬಾದಿನಿಂದ ಬರುವಾಗ ಮೋಡದ ಮೇಲೆ ಕೂತು ಗೋಳಾಡಿದ.

"ಟ್ಯಾಕ್ಸ್ ಅಂತ ಎಷ್ಟ ಕಟ್ ಮಾಡ್ತಾರ್ರಿ ಮೇಡಂ. ನನಗ ಇಷ್ಟಾದ್ರ ನಿಮಗ ಇನ್ನೆಷ್ಟ ಹೋಗ್ತಿರಬೇಕು."

ಎಷ್ಟು ಹೋಯಿತು ಎಂದೂ ಹೇಳಿದ. ಅವನ ಪಗಾರದಿಂದ ಕಡಿದದ್ದೇ ಹೆಚ್ಚುಕಮ್ಮಿ ನನ್ನ ಪಗಾರದಷ್ಟಿತ್ತು. ನಾನು ಇಳಿಸುವ ವಿಮಾನದಲ್ಲಿ, ನನ್ನ ಮಾತು ಕೇಳುವ ಹುಡುಗ. ಚಕ್ರ ಕೆಳಗೆ ಬಿಡಲು ಹೇಳಿದೆ. ಬಿಟ್ಟ.

ಮಗಳು ಭರಮವ್ವ ಹುಟ್ಟಿದ ಮೇಲೆ ಎದೆಯಲ್ಲಿ ಹಾಲಿರುವಾಗಲೇ ಕೆಲಸಕ್ಕೆ ಮರಳಿದೆ. ಮನೆಯಲ್ಲಿ ಕೂತರೆ ಬಿ ಸ್ಕೇಲಿಗೆ ಏನೂ ಬರುವುದಿಲ್ಲ. ಗಂಡ ಮೈಲಾರಲಿಂಗ ಬಸ್ ಡ್ರೈವರ್, ವಾರದಲ್ಲಿ ಮೂರು-ನಾಲ್ಕು ದಿನ ಹೊರಗೇ. ಮಹಾಂತೇಶ ನಗರದ ಬಾಡಿಗೆ ಮನೆಯಲ್ಲಿ ಅವ್ವ ಭೀಮಕ್ಕ ಕೂಸನ್ನು ಹಿಡಿದುಕೊಂಡಳು. ಬೆಳಗಿನ ವಿಮಾನಕ್ಕೂ ಸಂಜೆಯ ವಿಮಾನಕ್ಕೂ ನಡುವೆ ಬೇರೆ ಊರಲ್ಲಿ ಅರ್ಧ ದಿನ ಬಿಡುವು ಇರುತ್ತದೆ. ಎ ಸ್ಕೇಲಿನವರಿಗೆ ಹೊಟೇಲಿನ ಕೋಣೆ. ನಾವು ನಿಲ್ದಾಣದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲು ಚಾಚಿ ಮಲಗಬೇಕು. ಹಾಲು ಕಟ್ಟಿ ಎದೆ ಕಲ್ಲಾಗಿ ಜ್ವರ ಬಂದ ದಿನ ಒಂದು ಕೋಣೆ ಕೇಳಿದೆ. ಫೋನಿನಲ್ಲಿದ್ದವಳು, "ನಿಮ್ಮ ಕರಾರಿನಲ್ಲಿ ಹೊಟೇಲ್ ಇಲ್ಲ ಮೇಡಂ" ಎಂದಳು. ನಿಲ್ದಾಣದ ಪಾಯಖಾನೆಯ ಬಾಗಿಲು ಹಾಕಿಕೊಂಡೆ. ಕೈ ತೊಳೆಯುವ ಬೋಗುಣಿಗೆ ಬಾಗಿ ಹಿಂಡಿದೆ. ಹೊರಗಿನಿಂದ ಯಾರೋ ಬಾಗಿಲು ಬಡಿಯುತ್ತಿದ್ದರು. ನನ್ನ ಕೂಸಿನ ಹಾಲು ನೀರಿನ ಜೊತೆ ತಿರುಗುತ್ತ ಗಟಾರಕ್ಕೆ ಹೋಯಿತು. ಮುಖ ತೊಳೆದು, ಟೊಪ್ಪಿಗೆ ಹಾಕಿ, ವಿಮಾನ ಹತ್ತಿ, ಪ್ರಯಾಣಿಕರಿಗೆ ಸ್ವಾಗತ ಹೇಳಿದೆ.

ಆಮೇಲೆ ಕಂಪನಿ ಬಿಟ್ಟು ಹೋಗುವವರು ಹೆಚ್ಚಾದರು. ಎ ಸ್ಕೇಲಿನವರನ್ನು ಬೇರೆ ಕಂಪನಿಗಳು ಬಾಚಿಕೊಂಡವು. ಬೆಂಗಳೂರಿನ ದೊಡ್ಡ ಕಚೇರಿಯಲ್ಲಿ ಎರಡೂ ಸ್ಕೇಲಿನವರನ್ನು ಕೂಡಿಸಿ ಸಿಬ್ಬಂದಿ ವಿಭಾಗದ ಸಾಹೇಬ ಸಿಹಿಸುದ್ದಿ ಹೇಳಿದ. ಬಿಟ್ಟು ಹೋಗದೆ ಉಳಿದವರಿಗೆ ವಿಶೇಷ ಭತ್ಯೆ. ಎ ಸ್ಕೇಲಿಗೆ ಮಾತ್ರ.

ಶೈಸ್ತಾ ಎದ್ದು ನಿಂತಳು. "ನಾವು ಮೊದಲಿನಿಂದ ಉಳಿದೀವಿ ಸರ್. ನಮಗ ಯಾಕಿಲ್ಲ?"

ಸಾಹೇಬ ಸಿಟ್ಟು ಮಾಡಲಿಲ್ಲ. ಮಕ್ಕಳಿಗೆ ಹೇಳುವಂತೆ ಹೇಳಿದ. "ನೋಡಮ್ಮ, ಅವರು ಬಿಟ್ಟು ಹೋಗ್ತಾರೆ. ಅದಕ್ಕೆ ಕೊಡ್ತೀವಿ. ನೀವು ಎಲ್ಲಿಗೆ ಹೋಗ್ತೀರಿ?"

ಕೋಣೆ ನಕ್ಕಿತು. ಕೆಲಸಕ್ಕೆ ಸೇರುವಾಗ ಬಿಟ್ಟು ಹೋಗುವುದಿಲ್ಲವೆಂದು ಮುಚ್ಚಳಿಕೆ ಬರೆಸಿಕೊಂಡು ನಮ್ಮ ಮೂಲ ಪ್ರಮಾಣಪತ್ರಗಳನ್ನು ಬೀಗ ಹಾಕಿ ಇಟ್ಟುಕೊಂಡವರು ಅವರೇ. ಕಾಲು ಕಟ್ಟಿ, ಎಲ್ಲಿಗೆ ಹೋಗ್ತೀ ಎಂದು ಕೇಳಿದವರೂ ಅವರೇ.

ಆವತ್ತಿನಿಂದ ಶೈಸ್ತಾಳಿಗೆ ವಿಮಾನ ಕೊಡಲಿಲ್ಲ. ಕೆಲಸದಿಂದ ತೆಗೆಯಲೂ ಇಲ್ಲ. ಪೈಲಟ್ ಇಂತಿಷ್ಟು ದಿನದಲ್ಲಿ ಹಾರದಿದ್ದರೆ ಮತ್ತೆ ಪರೀಕ್ಷೆ ಕೊಡಬೇಕು. ಪರೀಕ್ಷೆಗೆ ಕಳಿಸಬೇಕಾದವರು ಕಳಿಸಲಿಲ್ಲ. ಆಕಾಶದಿಂದ ಇಳಿಸಿ ಖಾನಾಪುರದ ಹಂಚಿನ ಮಾಡಿನ ಕೆಳಗೆ ಕೂಡ್ರಿಸಿದರು. ಅಲ್ಲಿ ಅವಳು ಹತ್ತನೇ ಇಯತ್ತೆಯ ಮಕ್ಕಳಿಗೆ ಗಣಿತ ಹೇಳಿಕೊಡುತ್ತಾಳೆ.

ನಾನು ನೋಡಲು ಹೋದ ದಿನ ಅವಳ ತಾಯಿ ಕರೀಮುನ್ನಿಸಾ ಚಹಾ ಕೊಟ್ಟು ಒಳಗೆ ಹೋದಳು. ಶೈಸ್ತಾ ನನ್ನ ಮುಖ ನೋಡದೆ ಹೇಳಿದಳು.

"ನನ್ನ ಬಿಟ್ಟು ಕಂಪನಿ ಹೆಂಗ ನಡದೈತಿ ಗೊತ್ತೈತೇನು ಮಾಯಾ? ನಿನ್ನ ಹೂಂ ಮ್ಯಾಲ ನಡದೈತಿ."

ಹೂಂ ಅಂದರೆ ಇದು. ಪೈಲಟ್ ದಿನಕ್ಕೆ ಇಷ್ಟೇ ಹೊತ್ತು ಡ್ಯೂಟಿ ಮಾಡಬೇಕೆಂದು ಕಾಯ್ದೆ ಇದೆ. ಹವಾ ಕೆಟ್ಟು ತಡವಾದರೆ ಸ್ವಲ್ಪ ಏರಿಸಬಹುದು. ಆದರೆ ಏರಿಸುವ ಹಕ್ಕು ಕಂಪನಿಗಿಲ್ಲ. ಕ್ಯಾಪ್ಟನ್ ತಾನು ದಣಿದಿಲ್ಲ, ಹಾರಿಸುತ್ತೇನೆ ಎನ್ನಬೇಕು. ಒತ್ತಾಯ ಮಾಡುವಂತಿಲ್ಲ. ಎ ಸ್ಕೇಲಿನ ಕ್ಯಾಪ್ಟನ್ನರು ಎಂದೂ ಹೂಂ ಅನ್ನುವುದಿಲ್ಲ. ಹಾರಿದರೂ ಅಷ್ಟೇ, ಮಲಗಿದರೂ ಅಷ್ಟೇ. ಹೊತ್ತು ಮುಗಿಯಿತೆಂದು ಹೊಟೇಲಿಗೆ ಹೋಗುತ್ತಾರೆ. ನಾವು ಹಾರಿದರೇ ಕೂಳು. ಕಣ್ಣು ಉರಿದರೂ ಹೂಂ, ಸೊಂಟ ಬಿದ್ದರೂ ಹೂಂ. ಅದಕ್ಕೇ ಕಂಪನಿ ಸಂಜೆಯ ವಿಮಾನಗಳನ್ನೆಲ್ಲ ಬಿ ಸ್ಕೇಲಿಗೆ ಹಾಕಿತು. ಮೊದಮೊದಲು ಕೇಳುತ್ತಿದ್ದರು. ಆಮೇಲೆ ಕೇಳುವುದನ್ನೂ ಬಿಟ್ಟರು.

ಶೈಸ್ತಾಳ ಮನೆಯಿಂದ ನಾನು ನೇರ ಪಾರಿಶ್ವಾಡಕ್ಕೆ ಹೋದೆ. ಅಪ್ಪ ಬೇವಿನ ಮರದ ಕೆಳಗೆ ಉಣ್ಣೆ ಕತ್ತರಿಸುತ್ತಿದ್ದ. ಕುರಿಯ ಕಾಲು ಹಿಡಿದು ಕೂತು ಎಲ್ಲ ಹೇಳಿದೆ. ಹಾಲಿನ ಮಾತು ಮಾತ್ರ ಹೇಳಲಿಲ್ಲ. ಅಪ್ಪ ಕತ್ತರಿ ನಿಲ್ಲಿಸಲಿಲ್ಲ.

"ಎಲ್ಲಿ ಹೊಕ್ಕೀರಿ ಅಂದ್ನಾ ಆ ಸಾಹೇಬ?"

"ಹೂಂ."

"ದೇಸಾಯಿ ನನಗ ಇದ ಮಾತ ಅಂದಿದ್ದ."

ಕುರಿ ಹಿಂಡನ್ನು ರಾತ್ರಿ ಹೊಲದಲ್ಲಿ ತರುಬುವುದು ನಮ್ಮ ಕಸುಬು. ಹಿಕ್ಕೆ, ಉಚ್ಚೆ ಬಿದ್ದು ಹೊಲಕ್ಕೆ ಗೊಬ್ಬರವಾಗುತ್ತದೆ. ಹೊಲದವರು ಜೋಳ ಅಳೆದು ಕೊಡುತ್ತಾರೆ. ಒಂದು ವರ್ಷ ಊರಿನ ಹೊಲದೊಡೆಯ ದೇಸಾಯಿ ಘಟ್ಟದ ಕಡೆಯಿಂದ ಬಂದ ಹಿಂಡಿಗೆ ಪೂರ್ತಿ ಅಳತೆ ಕೊಟ್ಟ. ಅಪ್ಪನ ಹಿಂಡಿಗೆ ಅರ್ಧ ಕೊಟ್ಟ. ಕೇಳಿದ್ದಕ್ಕೆ ಅಂದನಂತೆ: ಅವರಿಗಿ ಕಮ್ಮಿ ಕೊಟ್ರ ಮುಂದಿನ ಊರಿಗಿ ಹೋಗ್ತಾರ. ನೀ ಊರಾಂವ. ನೀ ಎಲ್ಲಿ ಹೊಕ್ಕಿ?

"ಮತ್ತ ಏನ ಮಾಡಿದಿ?"

"ತರುಬಿದೆ."

"ಅರ್ಧಕ್ಕ?"

ಅಪ್ಪ ಕುರಿಯನ್ನು ಹೊರಳಿಸಿದ. "ಕುರಿ ಮಲಗಿ ಎದ್ದ ಕೂಡ್ಲೆ ಹಿಕ್ಕಿ ಹಾಕ್ತೈತಿ. ಅದಕ್ಕ ನಾವು ರಾತ್ರ್ಯಾಗ ಎಬ್ಬಿಸಿ ಎಬ್ಬಿಸಿ ಜಾಗಾ ಬದಲಸ್ತೀವಿ. ಹೊಲಾ ಎಲ್ಲಾ ಕಡೆ ಉಣಬೇಕಲ್ಲ. ನಾ ಏನ್ ಮಾಡಿದೆ, ಸಂಜೀಕ ಹೊಲದ ಹೊರಗ ಗಾಡಿದಾರಿ ಮ್ಯಾಲ ಕುರಿ ಮಲಗಿಸಿದೆ. ಅಲ್ಲೇ ಎಬ್ಬಿಸಿದೆ. ಎಲ್ಲಾ ದಾರಿ ಮ್ಯಾಲ ಖಾಲಿ ಆತು. ಆಮ್ಯಾಲ ಹೊಲದಾಗ ಒಯ್ದೆ. ರಾತ್ರಿಯೆಲ್ಲಾ ಒಮ್ಮೀನೂ ಎಬ್ಬಿಸಲಿಲ್ಲ. ದೇಸಾಯಿ ಕಂದೀಲ ಹಿಡಕೊಂಡು ಬಂದು ಕುರಿ ಎಣಿಸಿ ಹ್ವಾದ. ಒಂದೂ ಕಮ್ಮಿ ಇರಲಿಲ್ಲ."

"ಆಮ್ಯಾಲ?"

"ಆಮ್ಯಾಲೇನು. ಗೊಬ್ಬರ ಇಲ್ದ ಅವನ ಹೊಲದಾಗ ಬೆಳದ ಪೀಕು ಹಳದಿ ಹೊಡೀತು. ನಮ್ಮ ದಾರ್ಯಾಗ ಹುಲ್ಲು ಮಣಕಾಲ ಮಟ ಬೆಳೀತು." ಕತ್ತರಿ ಒರೆಸಿದ. "ಜಗಳಾ ಆಡಿದ್ರ ಹೊಡೀತಿದ್ದ. ಏನಂತ ಹೊಡೀತಾನ? ಕುರಿ ಹೊಲದಾಗ ಅದಾವ."

ಆ ದಿನದಿಂದ ನಾನು ಡ್ಯೂಟಿಯ ಹೊತ್ತು ಮೀರಿಸುವ ಮೋಡಕ್ಕೆ ಕಾದೆ. ಶೈಸ್ತಾ ಗಣಿತ ಹೇಳುವುದು ಮುಗಿದ ಮೇಲೆ ಬಿ ಸ್ಕೇಲಿನ ಒಬ್ಬೊಬ್ಬರಿಗೂ ಫೋನ್ ಮಾಡುತ್ತಿದ್ದಳು. ಮುಷ್ಕರವಿಲ್ಲ, ಘೋಷಣೆಯಿಲ್ಲ, ಅರ್ಜಿಯಿಲ್ಲ. ಯೂನಿಫಾರ್ಮ್ ಹಾಕಿ ಹೊತ್ತಿಗೆ ಮುಂಚೆ ಹೋಗುವುದು. ದಣಿದಾಗ ದಣಿದೆ ಎನ್ನುವುದು. ಅಷ್ಟೇ. ಮೊದಲ 'ಇಲ್ಲ' ಯಾರದು ಎಂಬ ಪ್ರಶ್ನೆ ಬಂತು. ನನ್ನದು ಎಂದೆ.

ಮೇ ತಿಂಗಳಲ್ಲಿ ಕಂಪನಿಯ ಚೇರ್ಮನ್ ಬೆಳಗಾವಿಗೆ ಬಂದ. ಸಾಲ ಕೊಡುವ ಬ್ಯಾಂಕಿನವರನ್ನು ಕರೆತಂದಿದ್ದ. ಹೋರ್ಡಿಂಗಿನ ಕೆಳಗೆ ಕಾರು ನಿಲ್ಲಿಸಿ ನನ್ನನ್ನೂ ಅಪ್ಪನನ್ನೂ ಅವರಿಗೆ ತೋರಿಸಿದನಂತೆ. ಮಾರನೆಯ ಬೆಳಿಗ್ಗೆ ಬೆಂಗಳೂರಿನಲ್ಲಿ ಸಾಲದ ಕಾಗದಕ್ಕೆ ಸಹಿ. ಸಂಜೆಯ ವಿಮಾನಕ್ಕೆ ಎಲ್ಲರೂ ಹತ್ತಿದರು. ಅದರ ಕ್ಯಾಪ್ಟನ್ ನಾನು. ಬೆಳಗಿನ ಜಾವದಿಂದ ಹಾರುತ್ತಿದ್ದೆ.

ಚೇರ್ಮನ್ ಕಾಕ್‌ಪಿಟ್ಟಿನೊಳಗೆ ತಲೆ ಹಾಕಿದ. "ನಮ್ಮ ಮನೆಮಗಳು" ಎಂದು ಬ್ಯಾಂಕಿನವರಿಗೆ ಪರಿಚಯ ಮಾಡಿದ. ನಕ್ಕೆ. ಹೋರ್ಡಿಂಗಿನಲ್ಲಿದ್ದದ್ದೇ ನಗು.

ಬಾಗಿಲು ಹಾಕುವ ಹೊತ್ತಿಗೆ ಪಡುವಣದಲ್ಲಿ ಆಕಾಶ ಕಪ್ಪಾಯಿತು. ಧೂಳು ಎದ್ದಿತು. ಅಡ್ಡಮಳೆ ಬಂತು. ರೆಕ್ಕೆಯ ಮೇಲೆ ಆಲಿಕಲ್ಲು ಸಿಡಿದವು. ಓಡುದಾರಿ ಕಾಣಲಿಲ್ಲ. ಕೂತೆವು. ನನ್ನ ಡ್ಯೂಟಿಯ ಹೊತ್ತು ಕರಗುತ್ತಿತ್ತು. ಬೆಂಗಳೂರಿನ ಕಚೇರಿಯವರಿಗೆ ಅದು ಕಾಣುತ್ತಿತ್ತು. ಅವರು ಕೇಳಲಿಲ್ಲ. ನಾನು ಹೇಳಲಿಲ್ಲ.

ಮಳೆ ನಿಂತಿತು. ಆಕಾಶ ತೊಳೆದಂತಾಯಿತು. ಹಾರಬಹುದು ಎಂದು ನಿಯಂತ್ರಣ ಗೋಪುರದಿಂದ ಮಾತು ಬಂತು. ಹಿಂದೆ ಪ್ರಯಾಣಿಕರು ಚಪ್ಪಾಳೆ ತಟ್ಟಿದರು. ಸುಜಯ ಗುಂಡಿಗಳ ಕಡೆ ಕೈ ಚಾಚಿದ.

"ಬ್ಯಾಡ" ಎಂದೆ.

"ಯಾಕ್ರಿ ಮೇಡಂ?"

"ನನ್ನ ಹೊತ್ತು ಮುಗೀತು. ನಾ ದಣಿದೀನಿ."

ಅವನು ನನ್ನನ್ನು ನೋಡಿದ. "ನೀವು ಯಾವಾಗ್ಲೂ ಹೂಂ ಅಂತೀರಲ್ರಿ?"

"ಇವತ್ತ ಖರೇ ಹೇಳಾಕತ್ತೀನಿ."

ಖರೇ. ಕಣ್ಣಲ್ಲಿ ಉಸುಕು ಹಾಕಿದಂತಿತ್ತು. ಬೆನ್ನು ಸೀಟಿಗೆ ಅಂಟಿತ್ತು. ನನ್ನ ಹಿಂದಿನ ಹೂಂಗಳೆಲ್ಲ ಸುಳ್ಳು. ಇದೊಂದೇ ನಿಜ. ನಿಜದಿಂದ ಸೇಡು ತೀರಿಸಿಕೊಳ್ಳಬಹುದೆಂದು ನನಗೆ ಅಪ್ಪ ಹೇಳಿದ ಮೇಲೆ ಗೊತ್ತಾಗಿತ್ತು.

ಬಾಗಿಲು ತೆಗೆಸಿದೆ. ಮೆಟ್ಟಿಲು ಬಂತು. ನಿಲ್ದಾಣದಲ್ಲಿ ಕಂಪನಿಯ ಮ್ಯಾನೇಜರ್ ಗುರುಪುತ್ರಪ್ಪ ನೆನೆದ ಕೋಟಿನಲ್ಲಿ ಓಡಿ ಬಂದ. ಬೈಲಹೊಂಗಲದ ಕಡೆಯವನು, ನಿವೃತ್ತಿಗೆ ಹತ್ತಿರದವನು.

"ತಂಗೀ, ಏನ ಮಾಡಾಕತ್ತೀ? ಸಾಹೇಬ್ರು ಒಳಗದಾರ."

"ಗೊತ್ತೈತ್ರಿ ಅಣ್ಣಾರ. ಅದಕ್ಕ ಇವತ್ತ."

ಹಿಂದಿನಿಂದ ಚೇರ್ಮನ್ ಬಂದ. ಬ್ಯಾಂಕಿನವರು ನೋಡುತ್ತಿದ್ದರು, ಅದಕ್ಕೆ ಮುಖದಲ್ಲಿ ನಗು ಇತ್ತು.

"ಏನಮ್ಮ ತೊಂದರೆ? ನೀವು ನಮ್ಮ ಮನೆಮಗಳು."

"ಮನಿಮಗಳಿಗೆ ಬಿ ಸ್ಕೇಲು ಏನ್ರಿ ಸರ್?"

ನಗು ಹೋಯಿತು. ದನಿ ತಗ್ಗಿಸಿದ. "ಅದನ್ನೆಲ್ಲ ಆಮೇಲೆ ಮಾತಾಡೋಣ. ಈಗ ಹೊರಡಿ."

"ನಾ ದಣಿದೀನ್ರಿ. ದಣಿದ ಪೈಲಟಗ ಹಾರಸು ಅಂತ ಹೇಳಾಕ ಬರೂದಿಲ್ಲ. ಹೇಳ್ರಿ ಬೇಕಾದ್ರ. ಬ್ಯಾಂಕಿನ ಸಾಹೇಬ್ರು ಕೇಳಸ್ಕೋತಾರ."

ಅವನು ನನ್ನನ್ನು ಬಿಟ್ಟು ಗುರುಪುತ್ರಪ್ಪನ ಮೇಲೆ ತಿರುಗಿದ. "ಬೇರೆ ಕ್ಯಾಪ್ಟನ್ ಕರೆಸಿ."

"ಎ ಸ್ಕೇಲಿನವರೊಬ್ರು ಹೊಟೇಲದಾಗ ಅದಾರ್ರಿ. ಬೆಳಿಗ್ಗೆ ಡ್ಯೂಟಿ ಐತಿ, ಬರೂದಿಲ್ಲಂದ್ರು."

"ಇನ್ಯಾರೂ ಇಲ್ಲವೇನ್ರಿ ಈ ಊರಲ್ಲಿ?"

"ಶೈಸ್ತಾ ಮೇಡಂ ಅದಾರ್ರಿ. ಖಾನಾಪುರದಾಗ."

"ಮತ್ತೆ ಕರೀರಿ."

ಗುರುಪುತ್ರಪ್ಪ ಬೂಟು ನೋಡಿಕೊಂಡ. "ಅವರು ಹಾರೂ ಹಂಗಿಲ್ರಿ. ನಾವ ಹಾರಸಲಿಲ್ಲ. ಪರೀಕ್ಷಾಕ್ಕೂ ಕಳಸಲಿಲ್ಲ."

ರೆಕ್ಕೆಯಿಂದ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು. ಸೀಟಿನಿಂದ ಒಬ್ಬ ಪ್ರಯಾಣಿಕ ಎದ್ದು ನನಗೆ ಬೆರಳು ತೋರಿಸಿದ. "ನಿಮಗ ಪಗಾರ ಯಾತಕ್ಕ ಕೊಡ್ತಾರ?"

"ಅದನ್ನ ಇವರನ್ನ ಕೇಳ್ರಿ" ಎಂದು ಚೇರ್ಮನ್ನನ ಕಡೆ ಕೈ ಮಾಡಿದೆ.

ಅವನ ಕತ್ತು ಕೆಂಪಾಗಿತ್ತು. "ನಾನು ಬೆಳಿಗ್ಗೆ ಬೆಂಗಳೂರಿನಲ್ಲಿ ಇರಲೇಬೇಕು. ನಿಮಗೆ ಏನು ಬೇಕು ಹೇಳಿ. ನಾಳೆಯಿಂದ ನೀವು ಎ ಸ್ಕೇಲು. ನೀವೊಬ್ಬರೇ, ಯಾರಿಗೂ ಹೇಳಬೇಡಿ. ಆಯಿತಾ? ನಾನು ಹೋಗಲೇಬೇಕು."

ಈ ಮಾತಿಗೆ ನಾನು ಮೊದಲ ಪಗಾರದ ದಿನದಿಂದ ಕಾದಿದ್ದೆ. ಪಾಯಖಾನೆಯ ಬೋಗುಣಿಗೆ ಬಾಗಿದಾಗ ಕಾದಿದ್ದೆ. ನಾಯಿಯ ಕಂಬಳಿಯ ಕೆಳಗೆ ದಿನಾ ಹಾಯುವಾಗ ಕಾದಿದ್ದೆ. ಟೊಪ್ಪಿಗೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡೆ.

"ಎಲ್ಲಿ ಹೊಕ್ಕೀರಿ ಸರ್? ಕುಂದರ್ರಿ."

ಸುಜಯ ಕಿಟಕಿಯ ಕಡೆ ಮುಖ ತಿರುಗಿಸಿದ. ಗುರುಪುತ್ರಪ್ಪನ ಮೀಸೆ ಅಲುಗಿತು. ಬ್ಯಾಂಕಿನವರಲ್ಲಿ ಹಿರಿಯನೊಬ್ಬ ತನ್ನ ಚೀಲ ತೆಗೆದುಕೊಂಡು ಮೊದಲು ಇಳಿದ.

ಎಲ್ಲರೂ ಇಳಿದರು. ಆಲಿಕಲ್ಲಿನ ಮಳೆಗೆ ಮರಗಳು ಬಿದ್ದು ಬೆಂಗಳೂರಿಗೆ ಹೋಗುವ ಧಾರವಾಡದ ರಸ್ತೆ ಬಂದಾಗಿತ್ತು. ಕಾರು ಹೊರಡುವಂತಿರಲಿಲ್ಲ. ನಾನು ಮನೆಗೆ ಹೋಗುವಾಗ ಚೇರ್ಮನ್ ರಸ್ತೆ ತೆರೆಯುವುದನ್ನೇ ಕಾಯುತ್ತ ನಿಲ್ದಾಣದ ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ನಾವು ಕಾಲು ಚಾಚಿ ಮಲಗುತ್ತೇವಲ್ಲ, ಅಂಥದೇ ಕುರ್ಚಿ. ಕಾಲು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ. ಸೊಳ್ಳೆ ಹೊಡೆದುಕೊಳ್ಳುತ್ತಿದ್ದ. ನಾನು ನಿಂತು ನೋಡಿದೆ. ಅವನು ತಲೆ ಎತ್ತುವವರೆಗೂ ನೋಡಿದೆ. ನನ್ನ ಹೊಟ್ಟೆ ತಣ್ಣಗಾಯಿತು. ಸುಳ್ಳು ಹೇಳುವುದಿಲ್ಲ.

ಆವತ್ತು ಹೈದರಾಬಾದಿನಲ್ಲಿ ಒಬ್ಬ ದಣಿದ. ಹುಬ್ಬಳ್ಳಿಯಲ್ಲಿ ಒಬ್ಬಳು ದಣಿದಳು. ಮಾರನೆಯ ಸಂಜೆ ಇನ್ನಷ್ಟು ಜನ ದಣಿದರು. ಎಲ್ಲರೂ ಯೂನಿಫಾರ್ಮಿನಲ್ಲಿದ್ದರು. ಎಲ್ಲರೂ ಹೊತ್ತಿಗೆ ಮುಂಚೆ ಬಂದಿದ್ದರು. ಕಂಪನಿ ತಲೆ ಎಣಿಸಿತು. ಒಂದೂ ಕಮ್ಮಿ ಇರಲಿಲ್ಲ. ಸಂಜೆಯ ವಿಮಾನಗಳು ನೆಲ ಬಿಡಲಿಲ್ಲ. ಬ್ಯಾಂಕಿನವರು ಸಹಿಯ ದಿನ ಮುಂದಕ್ಕೆ ಹಾಕಿದರಂತೆ. ನನ್ನನ್ನು ಅಮಾನತು ಮಾಡಿದರು. ಬೆಳಿಗ್ಗೆ ಮಾಡಿ ಮಧ್ಯಾಹ್ನ ವಾಪಸು ತೆಗೆದುಕೊಂಡರು. ಸಾಂಬ್ರಾ ರಸ್ತೆಯ ಹೋರ್ಡಿಂಗ್ ಇಳಿಸಲು ಏಣಿ ತಂದರು. ಇಳಿಸಿದರೆ ಪತ್ರಿಕೆಯವರು ಫೋಟೊ ಹೊಡೆದಾರೆಂದು ಏಣಿ ಹೊತ್ತುಕೊಂಡು ಹೋದರು.

ನಾನು ಭರಮವ್ವನನ್ನು ಕಂಕುಳಲ್ಲಿ ಎತ್ತಿಕೊಂಡು ಮೊದಲ ಬಸ್ಸಿಗೆ ಪಾರಿಶ್ವಾಡಕ್ಕೆ ಹೋದೆ. ಅಪ್ಪನ ಹಿಂಡು ಸಂಗವ್ವನ ಹೊಲದಲ್ಲಿತ್ತು. ಸಂಗವ್ವ ವಿಧವೆ, ತುಂಡು ಹೊಲದವಳು. ಯಾರ ಹಿಂಡಾದರೂ ಒಂದೇ ಅಳತೆ ಕೊಡುತ್ತಾಳೆ. ಅಪ್ಪ ಹಿಂಡಿನ ಸುತ್ತ ಕಟ್ಟಿದ ಬಲೆಯೊಳಗೆ ನಡೆಯುತ್ತ ಕುರಿಗಳನ್ನು ಎಬ್ಬಿಸುತ್ತಿದ್ದ. ಒಂದು ಮೂಲೆ ಬಿಡದೆ ಎಬ್ಬಿಸುತ್ತಿದ್ದ. ಮಗಳನ್ನು ಬದುವಿನ ಮೇಲೆ ಕೂಡ್ರಿಸಿ ನಾನೂ ಇಳಿದೆ. ಬಿಸಿ ಹಿಕ್ಕೆಯ ವಾಸನೆ ಎದ್ದಿತು.

ಫೋನ್ ಬಡಿಯಿತು. ಬೆಂಗಳೂರಿನ ದೊಡ್ಡ ಕಚೇರಿ. ನಿಂತಿತು. ಮತ್ತೆ ಬಡಿಯಿತು.

"ಯಾರದ?" ಅಪ್ಪ ಕೇಳಿದ.

"ದೇಸಾಯರದ."

ಅಪ್ಪ ನಗಲಿಲ್ಲ. "ಏನಂತಾರ?"

"ಕುರಿ ಬಂದಾವ, ಹೊಲದಾಗ ಗೊಬ್ಬರ ಯಾಕ ಬಿದ್ದಿಲ್ಲಂತ ಕೇಳಾಕತ್ತಾರ. ಬಾ, ಕುಂತು ಮಾತಾಡೂಣು ಅಂತ ಮೆಸೇಜ್ ಹಾಕ್ಯಾರ."

"ನೀ ಏನಂದಿ?"

"ಇನ್ನೂ ಎತ್ತಿಲ್ಲ."

ಅಪ್ಪ ಮಲಗಿದ್ದ ಕೊನೆಯ ಕುರಿಯ ಬೆನ್ನಿಗೆ ಕೋಲಿನ ತುದಿ ತಾಗಿಸಿದ. ಅದು ಎದ್ದಿತು.

"ಎತ್ತಬ್ಯಾಡ. ಪೀಕು ಹಳದಿ ಆಗ್ಲಿ ಮೊದಲ."